ಒಂದು ಕ್ಷಣದಲ್ಲಿ ವೇಗವೆಂದರೇನು?

ಕಾಲೇಜಿನ ಮೊದಲನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬನು ನಮಗೆ ಒಂದು ಕಾಗದವನ್ನು ಬರೆದಿರುವನು. ಅದರಲ್ಲಿ ಪ್ರಶ್ನೆಗಳು ಹಲವಿವೆ. ಮೇಲಕ್ಕೆಸೆದ ಚೆಂಡು ತುದಿಯಲ್ಲಿ ನಿಲ್ಲುವುದೆ, ನಿಂತರೆ ಎಷ್ಟು ಹೊತ್ತು? ಮೋಟಾರು ಗಾಡಿಯ ವೇಗಸೂಚಿಯು ತೋರಿಸುವುದು ಯಾವ ವೇಗವನ್ನು? ಗಣಿತದ ಪುಸ್ತಕಗಳಲ್ಲಿ ಎಲ್ಲೆಂದರಲ್ಲಿ ತಲೆಹಾಕುವ ೨.೭೧೮ ಎಂಬ ಅಡ್ಡಾದಿಡ್ಡಿ ಸಂಖ್ಯೆ ಎಲ್ಲಿಂದ ಬಂದಿತು? ಬಿಸಿ ಕಾಫಿಯು ಮೊದಮೊದಲು ಬೇಗ ಆರಿ ಆಮೇಲೆ ತಡವಾಗಿ ಆರುವುದೇಕೆ? ಇವೆಲ್ಲಕ್ಕೂ ಮುಂಚೆ ಅವನು ಕೇಳಿರುವ ಪ್ರಶ್ನೆ ಮಾತ್ರ ಬೇರೆಯ ಜಾತಿಯದು. “ಕಾಲ ಕಳೆಯದೆ ದೂರ ಸಾಗುವುದಿಲ್ಲ. ಕ್ಷಣವೆಂದರೆ ಅದರಲ್ಲಿ ಕಾಲವೇ ಇಲ್ಲ. ಹಾಗಾದರೆ ಒಂದು ಕ್ಷಣದಲ್ಲಿ ವೇಗ ಎನ್ನುವುದು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತೆ ಆಗಲಿಲ್ಲವೆ? ತರಗತಿಯಲ್ಲಿ ಇದನ್ನು ಕೇಳಿದರೆ, ಸೂತ್ರವನ್ನು ಬಾಯಿಪಾಠ ಮಾಡು, ಲೆಕ್ಕ ತಾನಾಗಿ ಬರುತ್ತದೆ ಎನ್ನುತ್ತಾರೆ. ಲೆಕ್ಕವೇನೋ ಬರುತ್ತದೆ, ನಂಬಿಕೆ ಬರುವುದಿಲ್ಲ. ಮುಂದಿನ ವರ್ಷ ಗಣಿತವನ್ನು ಬಿಟ್ಟುಬಿಡಬೇಕೆಂದಿದ್ದೇನೆ.”

ಈ ಕೊನೆಯ ಮಾತು ನಮ್ಮನ್ನು ಸ್ವಲ್ಪ ಕಲಕಿತು. ಲೆಕ್ಕ ಬಾರದೆ ಗಣಿತವನ್ನು ಬಿಟ್ಟವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಲೆಕ್ಕ ಬಂದೂ, ಅದರ ಬುಡ ಗಟ್ಟಿಯಿಲ್ಲವೆಂದು ತೋರಿ ಬಿಡುವವರು ಅಪರೂಪ. ಅಂಥ ಹುಡುಗರನ್ನು ಕಳೆದುಕೊಂಡರೆ ಹೆಚ್ಚಿನ ನಷ್ಟ ಶಾಸ್ತ್ರಕ್ಕೇ. ಆದ್ದರಿಂದ ಮೊದಲನೆಯ ಪ್ರಶ್ನೆಯನ್ನು ವಿಸ್ತಾರವಾಗಿಯೇ ವಿಚಾರಿಸಿ, ಉಳಿದವುಗಳನ್ನು ಆ ಬೆಳಕಿನಲ್ಲಿ ನೋಡೋಣ. ಕೈಯಲ್ಲಿ ಒಂದು ಹಾಳೆಯೂ ಪೆನ್ಸಿಲೂ ಇದ್ದರೆ ಅನುಕೂಲ. ಇಲ್ಲದಿದ್ದರೂ ಅಡ್ಡಿಯಿಲ್ಲ. ಗುಣಾಕಾರ ಭಾಗಾಕಾರಗಳನ್ನು ಮೀರಿದ ಲೆಕ್ಕ ಇಲ್ಲಿ ಬರುವುದಿಲ್ಲ.

ವೇಗವೆಂದು ನಾವು ದಿನವೂ ಹೇಳುವುದು ಯಾವುದನ್ನು? ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಸುಮಾರು ೧೪೦ ಕಿಲೋಮೀಟರು. ಗಾಡಿಯು ಎರಡೂವರೆ ಗಂಟೆಯಲ್ಲಿ ಹೋಗಿ ಸೇರಿದರೆ ಗಂಟೆಗೆ ೫೬ ಕಿಲೋಮೀಟರು ವೇಗದಲ್ಲಿ ಹೋಯಿತೆನ್ನುತ್ತೇವೆ. ಆದರೆ ಅದೇ ಗಾಡಿ ಮಂಡ್ಯದ ನಿಲ್ದಾಣದಲ್ಲಿ ಅಲುಗಾಡದೆ ನಿಂತಿತ್ತು, ಬಯಲಿನಲ್ಲಿ ನೂರರ ಹತ್ತಿರ ಓಡಿದ್ದೂ ಉಂಟು. ೫೬ ಎಂಬುದು ಇಡೀ ಪ್ರಯಾಣದ ಗುಣ. ಇದನ್ನು ಸರಾಸರಿ ವೇಗವೆನ್ನುವರು. ಇದರಲ್ಲಿ ಯಾರಿಗೂ ಸಂದೇಹವಿಲ್ಲ, ಏಕೆಂದರೆ ಇಲ್ಲಿ ದೂರವೂ ಉಂಟು, ಕಾಲವೂ ಉಂಟು, ಒಂದನ್ನು ಇನ್ನೊಂದರಿಂದ ಭಾಗಿಸುವುದೂ ಸರಿಯಾಗಿಯೇ ಉಂಟು. ತೊಂದರೆ ಬರುವುದು, ಗಾಡಿಯು ಶ್ರೀರಂಗಪಟ್ಟಣದ ಸೇತುವೆಯ ಮೊದಲನೆಯ ಕಂಬವನ್ನು ದಾಟಿದ ಕ್ಷಣದಲ್ಲಿ ಅದರ ವೇಗವೆಷ್ಟು ಎಂದು ಕೇಳಿದಾಗ.

ರೈಲಿನ ಓಟಕ್ಕೆ ನಿಯಮವಿಲ್ಲ. ನಿಯಮವಿರುವ ಚಲನೆಯೊಂದನ್ನು ತೆಗೆದುಕೊಳ್ಳೋಣ. ಆಳವಾದ ಪಾಳುಬಾವಿಯೊಂದರ ಕಟ್ಟೆಯಿಂದ ಕಲ್ಲೊಂದನ್ನು ಕೈಬಿಟ್ಟೆವೆನ್ನಿ. ಗಾಳಿಯ ತಡೆಯನ್ನು ಎಣಿಸದೆ ಹೋದರೆ, ಕಲ್ಲು ಬಿದ್ದ ದೂರವು ಕಳೆದ ಸೆಕೆಂಡುಗಳ ವರ್ಗದ ಸುಮಾರು ೪.೯ರಷ್ಟು ಮೀಟರು. ಲೆಕ್ಕದ ಸುಲಭಕ್ಕಾಗಿ ಅದನ್ನು ೫ ಎಂದಿಟ್ಟುಕೊಳ್ಳುವೆವು. ಒಂದು ಸೆಕೆಂಡಿನಲ್ಲಿ ೫ ಮೀಟರು, ಎರಡು ಸೆಕೆಂಡಿನಲ್ಲಿ ೨೦, ಮೂರರಲ್ಲಿ ೪೫. ಮೊದಲನೆಯ ಸೆಕೆಂಡಿನಲ್ಲಿ ೫, ಎರಡನೆಯದರಲ್ಲಿ ೧೫, ಮೂರನೆಯದರಲ್ಲಿ ೨೫ ಎಂದಾಯಿತು. ಎಂದರೆ ಒಂದು, ಮೂರು, ಐದು ಎಂಬ ಬೆಸಸಂಖ್ಯೆಗಳ ಓಟ. ಇದನ್ನು ಲೋಕಕ್ಕೆ ತಿಳಿಸಿದವನು ಇಟಲಿಯ ಗೆಲಿಲಿಯೊ. ನೆಟ್ಟಗೆ ಬೀಳುವ ವಸ್ತುವಿನ ಓಟವನ್ನು ಅಳೆಯತಕ್ಕ ಗಡಿಯಾರ ಅವನ ಕಾಲದಲ್ಲಿರಲಿಲ್ಲ. ಆದ್ದರಿಂದ ಅವನು ಓರೆಯಾಗಿಟ್ಟ ಹಲಗೆಯ ಕಾಲುವೆಯಲ್ಲಿ ಕಂಚಿನ ಗುಂಡನ್ನು ಉರುಳಬಿಟ್ಟು, ಅಷ್ಟು ಹೊತ್ತಿನಲ್ಲಿ ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದನು. ಈ ವೃತ್ತಾಂತ ೧೬೩೮ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿದೆ.

ಈಗ ಪ್ರಶ್ನೆ: ಒಂದು ಸೆಕೆಂಡು ಮುಗಿದ ಆ ಕ್ಷಣದಲ್ಲಿ ಕಲ್ಲಿನ ವೇಗವೆಷ್ಟು? ನೇರವಾಗಿ ಹೇಳಲಾರೆವಾದರೆ ಸುತ್ತಲಿಂದ ಬರೋಣ. ಒಂದನೆಯ ಸೆಕೆಂಡಿನಿಂದ ಎರಡನೆಯದರ ತನಕ ಸರಾಸರಿ ವೇಗ ಸೆಕೆಂಡಿಗೆ ೧೫ ಮೀಟರು. ಇದು ಹೆಚ್ಚಾಯಿತು, ಏಕೆಂದರೆ ಅಷ್ಟರಲ್ಲಿ ಕಲ್ಲು ಇನ್ನೂ ರಭಸಗೊಂಡಿದೆ. ಅವಧಿಯನ್ನು ಅರ್ಧ ಸೆಕೆಂಡಿಗೆ ಇಳಿಸಿದರೆ ಸರಾಸರಿಯು ೧೨.೫ ಆಗುವುದು. ಹತ್ತನೆಯ ಒಂದು ಸೆಕೆಂಡಿಗೆ ಇಳಿಸಿದರೆ ಕಲ್ಲು ಬೀಳುವುದು ೧.೦೫ ಮೀಟರು, ಸರಾಸರಿ ೧೦.೫. ನೂರನೆಯ ಒಂದಕ್ಕೆ ೧೦.೦೫. ಸಾವಿರದ ಒಂದಕ್ಕೆ ೧೦.೦೦೫. ಇನ್ನೊಂದು ಕಡೆಯಿಂದಲೂ ಬಂದು ನೋಡಬಹುದು. ಸೆಕೆಂಡು ಮುಗಿಯುವುದಕ್ಕೆ ಹಿಂದಿನ ಹತ್ತನೆಯ ಒಂದು ಸೆಕೆಂಡಿನಲ್ಲಿ ಸರಾಸರಿ ೯.೫, ನೂರನೆಯ ಒಂದರಲ್ಲಿ ೯.೯೫, ಸಾವಿರದ ಒಂದರಲ್ಲಿ ೯.೯೯೫. ಮೇಲಿನವು ಇಳಿಯುತ್ತಿವೆ, ಕೆಳಗಿನವು ಏರುತ್ತಿವೆ. ನಡುವೆ ಸಿಕ್ಕಿಬಿದ್ದಿರುವ ಸಂಖ್ಯೆ ಯಾವುದೆಂದು ಮಕ್ಕಳೂ ಹೇಳಿಯಾರು. ಅದು ಹತ್ತು.

ಇದನ್ನೇ ಒಟ್ಟಾಗಿ ಹೇಳುವುದಾದರೆ, ಒಂದು ಸೆಕೆಂಡಿನಿಂದ ಮುಂದಕ್ಕೆ ಯಾವ ಸಣ್ಣ ಅವಧಿಯನ್ನು ತೆಗೆದುಕೊಂಡರೂ ಅದರ ಸರಾಸರಿ ವೇಗವು ಹತ್ತು ಮತ್ತು ಆ ಅವಧಿಯ ಐದರಷ್ಟು. ಕಾಲೇಜಿನ ಪುಸ್ತಕಗಳು ಇಲ್ಲಿಯವರೆಗೆ ಚೆನ್ನಾಗಿಯೇ ನಡೆದು ಬಂದು, ಆಮೇಲೆ ತಟ್ಟನೆ, ಅವಧಿಯನ್ನು ಸೊನ್ನೆಯೆಂದಿಟ್ಟರೆ ಹತ್ತು ಬರುತ್ತದೆ ಎಂದು ಮುಗಿಸಿಬಿಡುತ್ತವೆ. ನಮ್ಮ ವಿದ್ಯಾರ್ಥಿ ಎಡವಿರುವುದು ಇಲ್ಲಿಯೇ. ಅವಧಿಯು ಸೊನ್ನೆಯಲ್ಲವೆಂದಲ್ಲವೆ ನಾವು ಅದರಿಂದ ಭಾಗಿಸಿದ್ದು? ಭಾಗಿಸಿ ಮುಗಿದಮೇಲೆ ಅದನ್ನು ಸೊನ್ನೆಯೆನ್ನಲು ನಮಗೆ ಅಧಿಕಾರವೆಲ್ಲಿಯದು?

ಈ ಆಕ್ಷೇಪಣೆ ಹೊಸದಲ್ಲ. ಕಲನಶಾಸ್ತ್ರವನ್ನು ಇಂಗ್ಲೆಂಡಿನಲ್ಲಿ ನ್ಯೂಟನ್ನನೂ ಜರ್ಮನಿಯಲ್ಲಿ ಲೈಬ್ನಿಟ್ಸನೂ ಬೇರೆಬೇರೆಯಾಗಿ ಕಟ್ಟಿದರು. ಲೈಬ್ನಿಟ್ಸನ ಲೇಖನ ಅಚ್ಚಾದದ್ದು ೧೬೮೪ರಲ್ಲಿ, ನ್ಯೂಟನ್ನನ ಮಹಾಗ್ರಂಥ ಹೊರಬಂದದ್ದು ೧೬೮೭ರಲ್ಲಿ. ಯಾರು ಮೊದಲಿಗರೆಂಬ ಅವರ ಜಗಳ ನಮಗೆ ಬೇಡ. ಐವತ್ತು ವರ್ಷ ಕಳೆಯುವಷ್ಟರಲ್ಲಿ, ೧೭೩೪ರಲ್ಲಿ, ಐರ್ಲೆಂಡಿನ ಬಿಷಪ್ ಬರ್ಕ್‌ಲಿ ಎಂಬವನು ‘ದಿ ಅನಲಿಸ್ಟ್’ ಎಂಬ ಚಿಕ್ಕ ಪುಸ್ತಕದಲ್ಲಿ ಗಣಿತಜ್ಞರನ್ನು ತರಾಟೆಗೆ ತೆಗೆದುಕೊಂಡನು. ನೀವು ಒಂದು ಪರಿಮಾಣವನ್ನು ಬೇಕಾದಾಗ ಇದೆಯೆನ್ನುತ್ತೀರಿ, ಬೇಡವಾದಾಗ ಇಲ್ಲವೆನ್ನುತ್ತೀರಿ. ಇಷ್ಟನ್ನು ನುಂಗಬಲ್ಲವರು ಧರ್ಮದ ರಹಸ್ಯಗಳನ್ನು ನೋಡಿ ನಗುವುದೇಕೆ ಎಂಬುದು ಅವನ ವಾದದ ತಿರುಳು. ಬಿಷಪ್ಪನ ಉದ್ದೇಶ ಏನೇ ಇರಲಿ, ತಪ್ಪನ್ನು ಅವನು ಸರಿಯಾದ ಕಡೆಯಲ್ಲಿಯೇ ಹಿಡಿದಿದ್ದನು. ಅವನಿಗೆ ತೃಪ್ತಿಕರವಾದ ಉತ್ತರ ದೊರೆಯಲು ಒಂದು ಶತಮಾನದ ಮೇಲಾಯಿತು. ಅಷ್ಟು ಕಾಲವೂ ಗ್ರಹಗಳ ಚಲನೆ, ಸಮುದ್ರದ ಉಬ್ಬರವಿಳಿತ, ತಂತಿಯ ಕಂಪನ ಎಲ್ಲವನ್ನೂ ಗಣಿತಜ್ಞರು ಇದೇ ಸಂದೇಹಾಸ್ಪದವಾದ ಉಪಾಯದಿಂದ ಲೆಕ್ಕಹಾಕುತ್ತಲೇ ಇದ್ದರು, ಲೆಕ್ಕಗಳೂ ಸರಿಯಾಗಿಯೇ ಬರುತ್ತಿದ್ದವು. ಬಾಯಿಪಾಠ ಮಾಡು, ಲೆಕ್ಕ ಬರುತ್ತದೆ ಎಂಬ ಉಪದೇಶಕ್ಕೂ ಹೀಗೆ ಒಂದು ದೊಡ್ಡ ಪರಂಪರೆಯೇ ಉಂಟು!

ಉತ್ತರವನ್ನು ಕೊಟ್ಟವರಲ್ಲಿ ಮುಖ್ಯರು ಫ್ರಾನ್ಸಿನ ಕೋಶಿ ಮತ್ತು ಜರ್ಮನಿಯ ವಯರ್‌ಸ್ಟ್ರಾಸ್. ಕೋಶಿಯ ಪಾಠಗ್ರಂಥ ೧೮೨೧ರದು. ಅದರ ಬಿಗಿಯಾದ ರೂಪವನ್ನು ವಯರ್‌ಸ್ಟ್ರಾಸನು ಆ ಶತಮಾನದ ಉತ್ತರಾರ್ಧದಲ್ಲಿ ಬರ್ಲಿನ್ನಿನ ತನ್ನ ಉಪನ್ಯಾಸಗಳಲ್ಲಿ ನೆಲೆಗೊಳಿಸಿದನು. ಅವರ ಹೇಳಿಕೆಯ ಸಾರವನ್ನು ಒಂದು ಪಂದ್ಯದ ರೂಪದಲ್ಲಿ ಹೇಳಬಹುದು. ಕಲ್ಲಿನ ವೇಗ ಹತ್ತು ಎಂದು ನಾವು ಸಾಧಿಸುತ್ತೇವೆ, ಒಪ್ಪದಿರುವವರು ನೀವು. ಸರಾಸರಿ ವೇಗವು ಹತ್ತಕ್ಕೆ ಎಷ್ಟು ಹತ್ತಿರ ಬಂದರೆ ನಿಮಗೆ ಸಮಾಧಾನ, ಹೇಳಿ. ಸಾವಿರದಲ್ಲಿ ಒಂದು ಪಾಲಿನೊಳಗೆ ಎನ್ನುವಿರೋ? ಹಾಗಾದರೆ ಐದು ಸಾವಿರದ ಒಂದು ಸೆಕೆಂಡಿಗಿಂತ ಕಿರಿದಾದ ಯಾವ ಅವಧಿಯನ್ನಾದರೂ ತೆಗೆದುಕೊಳ್ಳಿ, ಸರಾಸರಿಯು ನೀವು ಹಾಕಿದ ಗೆರೆಯ ಒಳಗೇ ಇರುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲೆನ್ನುವಿರೋ? ಐವತ್ತು ಲಕ್ಷದ ಒಂದು ಸೆಕೆಂಡು. ನೀವು ಎಷ್ಟು ಸಣ್ಣ ಗೆರೆಯನ್ನು ಹಾಕಿದರೂ ನಾವು ಅದಕ್ಕೆ ತಕ್ಕ ಅವಧಿಯನ್ನು ತೋರಿಸಬಲ್ಲೆವು. ಹತ್ತನ್ನು ಬಿಟ್ಟು ಮತ್ತಾವ ಸಂಖ್ಯೆಯ ಪರವಾಗಿ ನಿಂತರೂ ಈ ಪಂದ್ಯದಲ್ಲಿ ಸೋಲು ಖಂಡಿತ. ಕ್ಷಣದ ವೇಗ ಹತ್ತು ಎಂಬ ಮಾತಿಗೆ ಇಷ್ಟೇ ಅರ್ಥ. ಸರಾಸರಿಗಳ ಈ ಗುರಿಯನ್ನು ಪರಿಮಿತಿ ಎಂದು ಕರೆಯುವರು.

ಗಮನಿಸಿ, ಇಲ್ಲಿ ಎಲ್ಲಿಯೂ ನಾವು ಅವಧಿಯನ್ನು ಸೊನ್ನೆಯೆಂದಿಡಲಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಪ್ರಮೇಯವೇ ಬರಲಿಲ್ಲ. ಕ್ಷಣದ ವೇಗವು ಭಾಗಾಕಾರದಿಂದ ಬಂದ ಲಬ್ಧವೇ ಅಲ್ಲ. ಲಬ್ಧಗಳ ಒಂದು ಸಾಲು ಯಾವ ಸಂಖ್ಯೆಯ ಕಡೆಗೆ ಕೈತೋರಿಸುತ್ತದೆಯೋ ಆ ಸಂಖ್ಯೆ. ಊರಿಗೆ ದಾರಿ ತೋರಿಸುವ ಕೈಮರಗಳು ಊರೊಳಗೆ ಇರಬೇಕಾದ್ದಿಲ್ಲವಷ್ಟೆ. ಹೀಗೆ, ವಿದ್ಯಾರ್ಥಿಯ ಸಂದೇಹ ನ್ಯಾಯವಾದದ್ದು, ಅದಕ್ಕೆ ಉತ್ತರವೂ ಉಂಟು, ಆ ಉತ್ತರವನ್ನು ಕಂಡುಹಿಡಿಯಲು ಯೂರೋಪಿನ ಮೇಧಾವಿಗಳಿಗೇ ನೂರಾರು ವರ್ಷ ಹಿಡಿಯಿತು. ಇದೊಂದೇ ಕಾರಣದಿಂದ ಅವನು ಗಣಿತವನ್ನು ಬಿಡುವುದಾದರೆ, ಬಿಡಬೇಡವೆಂದು ನಾವು ಹೇಳುವೆವು. ಬೇರೆ ಕಾರಣಗಳಿದ್ದರೆ ಅವನಿಷ್ಟ.

ಆದರೂ ಒಂದು ಮಾತು ಉಳಿಯುತ್ತದೆ. ಇದೆಲ್ಲವೂ ಕಾಗದದ ಮೇಲಿನ ಜಾಣತನವೋ, ಅಥವಾ ಕಲ್ಲಿನಲ್ಲಿಯೇ ಆ ಕ್ಷಣದಲ್ಲಿ ಹತ್ತು ಎಂಬುದೇನಾದರೂ ಇರುವುದೋ? ಇರುವುದು. ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸುವವನನ್ನು ನೋಡಿರಿ. ಕವಣೆಯ ಕಲ್ಲು ವೃತ್ತದಲ್ಲಿ ಸುತ್ತುತ್ತಿರುತ್ತದೆ, ಅದರ ದಿಕ್ಕು ಕ್ಷಣಕ್ಷಣಕ್ಕೂ ಬೇರೆ. ಅವನು ಹಗ್ಗದ ಒಂದು ತುದಿಯನ್ನು ಸಡಿಲಬಿಟ್ಟ ಕೂಡಲೆ ಕಲ್ಲು ಆ ಕ್ಷಣದಲ್ಲಿದ್ದ ದಿಕ್ಕನ್ನೂ ಆ ಕ್ಷಣದಲ್ಲಿದ್ದ ವೇಗವನ್ನೂ ಹಿಡಿದು ವೃತ್ತವನ್ನು ಬಿಟ್ಟು ಹೊರಟುಬಿಡುತ್ತದೆ. ಹಿಂದಿನ ಸುತ್ತಿನ ಸರಾಸರಿಯನ್ನು ಅದು ಲೆಕ್ಕಹಾಕುವುದಿಲ್ಲ. ನಮ್ಮ ಬಾವಿಯ ಕಲ್ಲಿನ ಮೇಲೆ ಒಂದು ಸೆಕೆಂಡು ಮುಗಿದೊಡನೆ ಭೂಮಿಯ ಸೆಳೆತ ಯಾವುದೋ ಮಾಯೆಯಿಂದ ನಿಂತುಹೋಗಿದ್ದರೆ, ಅದು ಅಲ್ಲಿಂದ ಮುಂದೆ ಸೆಕೆಂಡಿಗೆ ಸರಿಯಾಗಿ ಹತ್ತು ಮೀಟರಿನಂತೆ ಏರುಪೇರಿಲ್ಲದೆ ಸಾಗುತ್ತಿತ್ತು. ಬಲವು ತಪ್ಪಿದಾಗ ವಸ್ತುವು ಯಾವ ವೇಗವನ್ನು ಉಳಿಸಿಕೊಳ್ಳುವುದೋ ಅದೇ ಕ್ಷಣದ ವೇಗ. ನ್ಯೂಟನ್ನನ ಮೊದಲನೆಯ ನಿಯಮ ಹೇಳುವುದು ಇದನ್ನೇ.

ಮೋಟಾರಿನ ವೇಗಸೂಚಿಯ ವಿಷಯವನ್ನು ಬೇಗ ಮುಗಿಸಬಹುದು. ಹಳೆಯ ಮಾದರಿಯ ಸೂಚಿಯಲ್ಲಿ ದೂರವನ್ನು ಕಾಲದಿಂದ ಭಾಗಿಸುವ ಕೆಲಸವೇ ಇಲ್ಲ. ಚಕ್ರಗಳೊಡನೆ ತಿರುಗುವ ತಂತಿಯೊಂದು ಚಿಕ್ಕ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಮೇಲೆ, ಅದಕ್ಕೆ ತಗಲದಂತೆ, ಒಂದು ಲೋಹದ ಬಟ್ಟಲು ಕವುಚಿಕೊಂಡಿರುತ್ತದೆ. ಅಯಸ್ಕಾಂತವು ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳೆದ್ದು ಅದು ಬಟ್ಟಲನ್ನೂ ತನ್ನೊಡನೆ ಎಳೆಯುತ್ತದೆ. ಕೂದಲಿನಂಥ ಒಂದು ಸ್ಪ್ರಿಂಗು ಅದನ್ನು ತಡೆಯುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು, ಮುಳ್ಳು ಅಷ್ಟು ಮುಂದೆ. ಈಚಿನ ಗಾಡಿಗಳಲ್ಲಿ ಚಕ್ರದೊಡನೆ ತಿರುಗುವ ಹಲ್ಲುಗಳು ಅತಿಸಣ್ಣ ಅವಧಿಯಲ್ಲಿ ಎಷ್ಟು ಸರಿದವೆಂದು ವಿದ್ಯುದ್ಯಂತ್ರವು ಎಣಿಸುತ್ತದೆ. ಅದು ಅತಿಚಿಕ್ಕ ಅವಧಿಯ ಸರಾಸರಿಯೇ ಸರಿ. ಎರಡೂ ನಿಜವಾದ ಕ್ಷಣವೇಗಕ್ಕಿಂತ ತುಸು ಹಿಂದೆ ಉಳಿಯುವವು. ದಾರಿಹೋಕರಿಗೆ ಇದರಿಂದ ತೊಂದರೆಯೇನೂ ಇಲ್ಲ.

ಇನ್ನು ಚೆಂಡು. ಬಲವಾದ ತೋಳಿನವನೊಬ್ಬನು ಚೆಂಡನ್ನು ಸೆಕೆಂಡಿಗೆ ೨೦ ಮೀಟರು ವೇಗದಿಂದ ನೆಟ್ಟಗೆ ಮೇಲಕ್ಕೆಸೆದನೆನ್ನೋಣ. ಭೂಮಿಯ ಸೆಳೆತದಿಂದ ಅದರ ವೇಗವು ಪ್ರತಿ ಸೆಕೆಂಡಿಗೂ ಹತ್ತರಂತೆ ತಗ್ಗುತ್ತ ಎರಡು ಸೆಕೆಂಡಿನ ಕೊನೆಯಲ್ಲಿ ಸೊನ್ನೆಯಾಗುವುದು. ಆಗ ಚೆಂಡು ೨೦ ಮೀಟರು ಎತ್ತರದಲ್ಲಿರುವುದು. ಅಲ್ಲಿ ಅದು ನಿಲ್ಲುವುದೆ? ಆ ಕ್ಷಣದಲ್ಲಿ ಅದರ ವೇಗ ಸೊನ್ನೆಯೆಂಬುದು ನಿಜ. ಆದರೆ ಅದು ನಿಂತಿರುವ ಕಾಲ ಸ್ವಲ್ಪವೂ ಇಲ್ಲ. ಆ ಕ್ಷಣಕ್ಕೆ ಎಷ್ಟೇ ಸಮೀಪದ ಹಿಂದಿನ ಕ್ಷಣದಲ್ಲಿ ಅದು ಏರುತ್ತಿತ್ತು, ಎಷ್ಟೇ ಸಮೀಪದ ಮುಂದಿನ ಕ್ಷಣದಲ್ಲಿ ಇಳಿಯುತ್ತಿರುತ್ತದೆ. ತುದಿಯಲ್ಲಿ ವೇಗವಿಲ್ಲವಾದ್ದರಿಂದ ಬಲವೂ ಇಲ್ಲವೆಂದು ಪರೀಕ್ಷೆಗಳಲ್ಲಿ ಬರೆಯುವ ಹುಡುಗರು ಬಹಳ. ಬಲವಿಲ್ಲದೆ ಹೋಗಿದ್ದರೆ ಚೆಂಡು ಅಲ್ಲಿಯೇ, ತ್ರಿಶಂಕುವಿನಂತೆ, ಎಂದೆಂದಿಗೂ ಇರಬೇಕಾಗುತ್ತಿತ್ತು. ವೇಗವು ಸೊನ್ನೆಯಾದ ಆ ಕ್ಷಣದಲ್ಲಿಯೂ ವೇಗದ ಬದಲಾವಣೆ ಎಂದಿನಂತೆ ಸೆಕೆಂಡಿಗೆ ಹತ್ತರ ಮೇರೆಗೇ ನಡೆಯುತ್ತಿರುತ್ತದೆ. ವೇಗ ಬೇರೆ, ವೇಗೋತ್ಕರ್ಷ ಬೇರೆ.

ಹಾಗಾದರೆ ಚೆಂಡು ನಿಂತಂತೆ ನಮ್ಮ ಕಣ್ಣಿಗೆ ತೋರುವುದೇಕೆ? ಇದಕ್ಕೂ ಲೆಕ್ಕವುಂಟು. ತುದಿಯ ಹಿಂದುಮುಂದಿನ ಹತ್ತನೆಯ ಒಂದೊಂದು ಸೆಕೆಂಡಿನಲ್ಲಿ ಚೆಂಡು ಸರಿಯುವುದು ಬರಿಯ ೫ ಸೆಂಟಿಮೀಟರು. ಇಪ್ಪತ್ತು ಮೀಟರಿನ ಎತ್ತರದಲ್ಲಿ ಅಷ್ಟನ್ನು ಯಾವ ಕಣ್ಣು ಗುರುತಿಸೀತು? ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಚೆಂಡಿನ ಒಟ್ಟು ಪ್ರಯಾಣ ನಾಲ್ಕು ಸೆಕೆಂಡು. ಅದರಲ್ಲಿ ತುದಿಯ ಹಿಂದಿನ ಒಂದು, ಮುಂದಿನ ಒಂದು, ಒಟ್ಟು ಎರಡು ಸೆಕೆಂಡುಗಳನ್ನು ಅದು ಮೇಲಿನ ೫ ಮೀಟರಿನೊಳಗೇ ಕಳೆಯುತ್ತದೆ. ಎಂದರೆ ಅರ್ಧ ಕಾಲವೆಲ್ಲ ಎತ್ತರದ ಮೇಲಿನ ಕಾಲುಭಾಗದಲ್ಲಿ! ಜಗಲಿಯ ಮೇಲೆ ಐದು ಕಲ್ಲಿನ ಆಟ ಆಡುವ ಹೆಣ್ಣುಮಕ್ಕಳು ಇದನ್ನು ಕೈಯಿಂದಲೇ ಬಲ್ಲರು. ಕಲ್ಲನ್ನು ೩೧ ಸೆಂಟಿಮೀಟರು ಮೇಲಕ್ಕೆಸೆದರೆ ಕೆಳಗಿನ ಕಲ್ಲುಗಳನ್ನು ಬಾಚಿಕೊಳ್ಳಲು ಸಿಕ್ಕುವ ಹೊತ್ತು ಅರ್ಧ ಸೆಕೆಂಡು. ಅದರಲ್ಲಿ ಅರ್ಧದಷ್ಟು ಹೊತ್ತು ಕಲ್ಲು ಮೇಲಿನ ಎಂಟು ಸೆಂಟಿಮೀಟರಿನಲ್ಲಿ ತೇಲಾಡುತ್ತಿರುತ್ತದೆ. ಒಂದು ಸೆಕೆಂಡು ಬೇಕಾದರೆ ಇಮ್ಮಡಿ ಎತ್ತರ ಸಾಲದು, ನಾಲ್ಮಡಿ ಬೇಕು, ೧೨೫ ಸೆಂಟಿಮೀಟರು. ಅಷ್ಟೆತ್ತರಕ್ಕೆ ಎಸೆದ ಕಲ್ಲು ಕೈಗೆ ನೆಟ್ಟಗೆ ಬರುವುದು ಕಷ್ಟ. ಆದ್ದರಿಂದ ಜಾಣೆಯಾದವಳು ಎತ್ತರವನ್ನು ನೆಚ್ಚದೆ ಕೈಚಳಕವನ್ನು ನೆಚ್ಚುತ್ತಾಳೆ.

ಏರಿಕೆ ಮುಗಿದು ಇಳಿಕೆ ಮೊದಲಾಗುವಲ್ಲಿ ಬದಲಾವಣೆ ಮಂದವಾಗುವುದು ಚೆಂಡಿಗೆ ಮಾತ್ರ ಸಲ್ಲುವ ಮಾತಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರವಿದೆ. ಮಾರ್ಚಿ ಮತ್ತು ಸೆಪ್ಟೆಂಬರುಗಳ ಮೂರನೆಯ ವಾರದಲ್ಲಿ ಹಗಲು ದಿನಕ್ಕೆ ಮುಕ್ಕಾಲು ನಿಮಿಷದಷ್ಟು ಬದಲಾಗುತ್ತದೆ. ಜೂನ್ ೨೧ರ ಹಿಂದುಮುಂದಿನ ವಾರಗಳಲ್ಲಾದರೋ ಏಳು ದಿನಕ್ಕೆ ಅರ್ಧ ನಿಮಿಷವೂ ಬದಲಾಗುವುದಿಲ್ಲ. ಹಗಲು ತನ್ನ ತುದಿಯಲ್ಲಿ ತೇಲುತ್ತಿದೆ.

ಈ ಮರ್ಮವನ್ನು ನಮ್ಮ ದೇಶದ ಜ್ಯೋತಿಷಿಗಳು ಬಹು ಹಿಂದೆಯೇ ಗ್ರಹಗಳ ಗತಿಯಲ್ಲಿ ಕಂಡಿದ್ದರು. ಚಂದ್ರನ ಓಟ ದಿನಕ್ಕೆ ಸುಮಾರು ೧೨ರಿಂದ ೧೫ ಡಿಗ್ರಿಯವರೆಗೆ ವ್ಯತ್ಯಾಸವಾಗುವುದು. ತಿಥಿಯು ಮುಗಿಯುವ ಗಳಿಗೆಯನ್ನೋ ಗ್ರಹಣ ಹಿಡಿಯುವ ಗಳಿಗೆಯನ್ನೋ ಗೊತ್ತುಮಾಡಲು ಇಡೀ ದಿನದ ಸರಾಸರಿ ಓಟ ಸಾಲದು, ಆ ಹೊತ್ತಿನ ಓಟ ಬೇಕು. ಭಾಸ್ಕರಾಚಾರ್ಯನು ೧೧೫೦ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಮುಗಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಇದನ್ನು ತಾತ್ಕಾಲಿಕ ಗತಿಯೆಂದು ಕರೆದು, ಚಂದ್ರನ ವಿಷಯದಲ್ಲಿ ಇದನ್ನೇ ಬಳಸತಕ್ಕದ್ದೆಂದು ವಿಧಿಸಿರುವನು. ಗ್ರಹದ ಗತಿಗೆ ಮಾಡತಕ್ಕ ತಿದ್ದುಪಡಿಯು ಅತ್ಯಧಿಕವಾಗುವ ಎಡೆಯಲ್ಲಿ ಆ ತಿದ್ದುಪಡಿಯ ಬದಲಾವಣೆ ಸೊನ್ನೆಯಾಗುವುದೆಂಬುದನ್ನೂ ಅವನು ಬಲ್ಲನು. ಅವನ ಅನಂತರ ಕೇರಳದಲ್ಲಿ ಮಾಧವನೂ ಅವನ ಪರಂಪರೆಯವರೂ ವೃತ್ತದ ಪರಿಧಿಯನ್ನು ಕೊನೆಯಿಲ್ಲದ ಶ್ರೇಢಿಗಳಿಂದ ಗಣಿಸಿದರು. ಆ ಶ್ರೇಢಿಗಳ ಉಪಪತ್ತಿಗಳನ್ನು ೧೬ನೆಯ ಶತಮಾನದಲ್ಲಿ ಜ್ಯೇಷ್ಠದೇವನು ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ ಮಲೆಯಾಳದ ಗದ್ಯದಲ್ಲಿ ಬರೆದಿಟ್ಟನು. ಕಠಿನವಾದ ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಲಾಗದೆನ್ನುವವರು ಆ ಗ್ರಂಥವನ್ನೊಮ್ಮೆ ನೆನೆಯಬೇಕು. ನಮ್ಮಲ್ಲಿಯೂ ೧೨ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನಷ್ಟೆ. ಹೀಗೆಂದು ನ್ಯೂಟನ್ನನದೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಎದೆತಟ್ಟಿಕೊಳ್ಳುವುದು ತರವಲ್ಲ. ಒಂದೊಂದು ಲೆಕ್ಕಕ್ಕೆ ತಕ್ಕ ಉಪಾಯವನ್ನು ಕಾಣುವುದು ಒಂದು ಕೆಲಸ, ಎಲ್ಲ ಲೆಕ್ಕಗಳಿಗೂ ಒದಗುವ ಸಾಮಾನ್ಯ ಶಾಸ್ತ್ರವನ್ನು ಕಟ್ಟುವುದು ಇನ್ನೊಂದು. ಭಾಸ್ಕರನಿಗೆ ಸಲ್ಲಬೇಕಾದ ಗೌರವ ಮೊದಲನೆಯದರಿಂದಲೇ ಧಾರಾಳವಾಗಿ ಸಲ್ಲುತ್ತದೆ.

೨.೭೧೮ ಎಂಬ ಸಂಖ್ಯೆಯ ತವರುಮನೆ ಬಡ್ಡಿಯ ಲೆಕ್ಕ. ಸಾವುಕಾರನೊಬ್ಬನು ಸಾವಿರ ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ ನೂರರಂತೆ ಬಡ್ಡಿಗೆ ಕೊಟ್ಟನೆನ್ನೋಣ. ಬಡ್ಡಿ ಕ್ರೂರವಾದದ್ದೇ, ಆದರೆ ಲೆಕ್ಕಕ್ಕೆ ಸುಲಭ. ವರ್ಷದ ಕೊನೆಯಲ್ಲಿ ಒಮ್ಮೆ ಬಡ್ಡಿ ಕಟ್ಟಿದರೆ ಎರಡು ಸಾವಿರವಾಯಿತು. ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ೨,೨೫೦. ಮೂರು ತಿಂಗಳಿಗೊಮ್ಮೆ ಸೇರಿಸಿದರೆ ೨,೪೪೧. ತಿಂಗಳಿಗೊಮ್ಮೆ ೨,೬೧೩. ದಿನಕ್ಕೊಮ್ಮೆಯಾದರೆ ೨,೭೧೪ ರೂಪಾಯಿಯ ಮೇಲೆ ಕೆಲವು ಪೈಸೆ. ಸಾವುಕಾರನು ಅತ್ಯಾಶೆಯಿಂದ ಗಳಿಗೆಗೊಮ್ಮೆ, ನಿಮಿಷಕ್ಕೊಮ್ಮೆ, ಸೆಕೆಂಡಿಗೊಮ್ಮೆ ಬಡ್ಡಿಯನ್ನು ಸೇರಿಸುತ್ತ ಹೋದರೂ ಮೊತ್ತವು ೨,೭೧೮ ರೂಪಾಯಿ ೨೯ ಪೈಸೆಯನ್ನು ಮುಟ್ಟಲಾರದು. ಬಾವಿಯ ಕಲ್ಲಿನ ಸರಾಸರಿಗಳು ಹತ್ತರ ಕಡೆಗೆ ನಡೆದಂತೆ ಈ ಮೊತ್ತಗಳು, ಅಸಲಿನ ೨.೭೧೮೨೮ ಎಂದು ಮೊದಲಾಗಿ ಕೊನೆಯಿಲ್ಲದೆ ಸಾಗುವ ಸಂಖ್ಯೆಯಷ್ಟರ ಕಡೆಗೆ ನಡೆಯುತ್ತವೆ. ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿಯು ೧೬೮೩ರಲ್ಲಿ ಈ ಪ್ರಶ್ನೆಯನ್ನು ಎತ್ತಿದನು. ಅದೇ ದೇಶದ ಆಯ್ಲರನು ಮುಂದಿನ ಶತಮಾನದಲ್ಲಿ ಈ ಸಂಖ್ಯೆಗೆ ‘ಇ’ ಎಂಬ ರೋಮನ್ ಅಕ್ಷರವನ್ನು ಹೆಸರಾಗಿ ಕೊಟ್ಟನು.

ಕ್ಷಣಕ್ಷಣಕ್ಕೂ ಬಡ್ಡಿ ಸೇರುವ ಈ ಸಾಲಕ್ಕೆ ಒಂದು ವಿಶ್ಷ್ಟವಾದ ಸ್ವಭಾವವಿದೆ. ಮೊತ್ತವು ಸಾವಿರವಿದ್ದ ಕ್ಷಣದಲ್ಲಿ ಅದರ ಬೆಳವಣಿಗೆಯ ದರ ವರ್ಷಕ್ಕೆ ಸಾವಿರ. ಎರಡು ಸಾವಿರವಾದ ಕ್ಷಣದಲ್ಲಿ ವರ್ಷಕ್ಕೆ ಎರಡು ಸಾವಿರ. ತಾನೆಷ್ಟಿದೆಯೋ ಅದಕ್ಕೆ ತಕ್ಕಷ್ಟು ವೇಗದಲ್ಲಿ ಬೆಳೆಯುವ ಅಥವಾ ಕರಗುವ ಪದಾರ್ಥ ಲೋಕದಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಈ ಸಂಖ್ಯೆ ಹಾಜರು. ವಿದ್ಯಾರ್ಥಿಯ ಕಾಫಿಯಲ್ಲಿಯೂ ಹಾಜರು.

ಬಿಸಿಯಾದ ವಸ್ತುವು ಆರುವ ವೇಗವು ಅದರ ಬಿಸಿಗೂ ಸುತ್ತಲಿನ ಗಾಳಿಯ ಬಿಸಿಗೂ ಇರುವ ಅಂತರಕ್ಕೆ ತಕ್ಕಂತಿರುತ್ತದೆ. ಈ ನಿಯಮವನ್ನು ನ್ಯೂಟನ್ನನು ೧೭೦೧ರಲ್ಲಿ, ಹೆಸರು ಹಾಕದೆ ಅಚ್ಚುಮಾಡಿಸಿದ ಒಂದು ಲೇಖನದಲ್ಲಿ ಸೂಚಿಸಿದನು. ಕೋಣೆಯ ಉಷ್ಣತೆ ೨೫ ಡಿಗ್ರಿ, ಕಾಫಿಯದು ೮೫ ಎಂದಿಟ್ಟುಕೊಳ್ಳೋಣ. ಅಂತರ ೬೦. ಈ ಅಂತರವು ಯಾವ ಕ್ಷಣದಲ್ಲಿ ನೋಡಿದರೂ ನಿಮಿಷಕ್ಕೆ ನೂರಕ್ಕೆ ಏಳರ ಮೇರೆಗೆ ಕರಗುತ್ತಿರುವುದೆನ್ನೋಣ. ಮೊದಲಿಗೆ ಕಾಫಿಯು ನಿಮಿಷಕ್ಕೆ ೪ ಡಿಗ್ರಿಗೂ ಮೇಲ್ಪಟ್ಟು ಆರುತ್ತಿರುತ್ತದೆ. ಹತ್ತು ನಿಮಿಷದಲ್ಲಿ ಅಂತರ ಅರ್ಧವಾಗಿ ೩೦ಕ್ಕೆ ಇಳಿಯುವುದು, ಕಾಫಿ ೫೫ ಡಿಗ್ರಿ. ಇನ್ನು ಹತ್ತು ನಿಮಿಷಕ್ಕೆ ಅಂತರ ೧೫, ಕಾಫಿ ೪೦. ಆಗ ಅದು ಆರುವುದು ನಿಮಿಷಕ್ಕೆ ಒಂದು ಡಿಗ್ರಿಯಷ್ಟು ಮಾತ್ರ. ಆರುವುದಕ್ಕೆ ಕಾರಣವಾದ ಅಂತರವನ್ನೇ ಆರುವಿಕೆಯು ತಿಂದುಹಾಕುತ್ತಿದೆ, ಆದ್ದರಿಂದ ಅದು ಬರಬರುತ್ತ ಸೊರಗುತ್ತದೆ. ನೂರಕ್ಕೆ ಏಳರ ಚಕ್ರಬಡ್ಡಿಯಲ್ಲಿ ಸಾಲವು ಇಮ್ಮಡಿಯಾಗಲು ಬೇಕಾಗುವುದೂ ಹತ್ತು ವರ್ಷವೇ. ಸಾಲ ಬೆಳೆಯುವುದೂ ಕಾಫಿ ಆರುವುದೂ ಒಂದೇ ಲೆಕ್ಕದ ಎರಡು ಮುಖಗಳು.

ಒಂದು ಎಚ್ಚರಿಕೆಯನ್ನು ಹೇಳಬೇಕು. ತುಂಬ ಬಿಸಿಯಾದ ಕಾಫಿ ಆರುವುದರಲ್ಲಿ ಆವಿಯಾಗಿ ಹೋಗುವ ನೀರಿನ ಪಾಲು ದೊಡ್ಡದು, ಅದು ಈ ಸರಳ ನಿಯಮಕ್ಕೆ ಪೂರ್ತಿ ಒಳಪಡುವುದಿಲ್ಲ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸುವ ನಮ್ಮ ಪದ್ಧತಿ ಗಾಳಿಗೆ ತಗಲುವ ಮೈಯನ್ನು ಹೆಚ್ಚಿಸಿ ಈ ಆವಿಯನ್ನೇ ದುಡಿಸಿಕೊಳ್ಳುತ್ತದೆ. ಬೇಗ ಕುಡಿಯಬೇಕಾದವರು ಹಾಗೆ ಹೊಯ್ಯಬೇಕಾದದ್ದು ಮೊದಲನೆಯ ಒಂದೆರಡು ನಿಮಿಷದಲ್ಲಿ. ಉಗುರುಬೆಚ್ಚಗಾದ ಮೇಲೆ ಹೊಯ್ದರೆ ನೊರೆ ಬಂದೀತು, ಆರುವಿಕೆಯಲ್ಲಿ ಲಾಭ ಕಡಮೆ. ಹಾಲನ್ನು ಮೊದಲು ಬೆರೆಸಬೇಕೋ ಕೊನೆಗೆ ಬೆರೆಸಬೇಕೋ ಎಂದೂ ವಿದ್ಯಾರ್ಥಿ ಕೇಳಿದ್ದಾನೆ. ತಣ್ಣನೆಯ ಹಾಲನ್ನು ಬೆರೆಸುವ ಊರಿನ ಪುಸ್ತಕದಲ್ಲಿ ಅದನ್ನು ಓದಿರಬೇಕು. ಕುದಿಯುವ ಹಾಲನ್ನೇ ಬೆರೆಸುವ ನಮ್ಮ ಮನೆಗಳಲ್ಲಿ ಆ ಪ್ರಶ್ನೆ ಏಳುವುದಿಲ್ಲ.

ಅವನ ಕಾಗದದ ಕೊನೆಯ ಪ್ರಶ್ನೆ ಇದು: ಅರ್ಧ, ಅರ್ಧದ ಅರ್ಧ ಎಂದು ಅಂತರವು ಕಡಮೆಯಾಗುತ್ತ ಹೋದರೆ ಅದು ಎಂದಿಗೂ ಸೊನ್ನೆಯಾಗುವುದಿಲ್ಲ. ಹಾಗಿದ್ದರೂ ಮರೆತಿಟ್ಟ ಕಾಫಿ ಪೂರ್ತಿ ತಣ್ಣಗಾಗಿರುವುದನ್ನು ನಾವು ದಿನವೂ ಕಾಣುತ್ತೇವಲ್ಲ? ಅರ್ಧವಾಗುವುದು ಹತ್ತು ಸಲ ನಡೆಯಲು ನಮ್ಮ ಲೆಕ್ಕದ ಮೇರೆಗೆ ನೂರು ನಿಮಿಷ ಬೇಕು. ಆಗ ಉಳಿಯುವ ಅಂತರವು ಅರವತ್ತರ ೧,೦೨೪ನೆಯ ಒಂದು ಪಾಲು. ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಪಾಲಿಗಿಂತ ಅದು ತುಸು ಹೆಚ್ಚು. ಮನೆಯಲ್ಲಿ ಜ್ವರ ನೋಡುವ ಉಷ್ಣಮಾಪಕವು ಹತ್ತನೆಯ ಒಂದು ಡಿಗ್ರಿಗಿಂತ ಸೂಕ್ಷ್ಮವಾಗಿ ಓದದು. ಅಲ್ಲದೆ ಸಮೀಕರಣವು ಮಾತನಾಡುವುದು ಉಷ್ಣತೆ ಎಳ್ಳಷ್ಟೂ ಕದಲದ ಒಂದು ಕೋಣೆಯನ್ನು ಕುರಿತು. ನಮ್ಮ ಕೋಣೆಯಲ್ಲಾದರೋ ಆ ನೂರು ನಿಮಿಷದೊಳಗೆ ಯಾರೋ ಬಾಗಿಲು ತೆರೆದಿರುತ್ತಾರೆ, ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದಿರುತ್ತದೆ, ಕೋಣೆಯ ಗಾಳಿಯೇ ಒಂದು ಡಿಗ್ರಿ ಅತ್ತಲೋ ಇತ್ತಲೋ ಹೋಗಿರುತ್ತದೆ. ಕಾಫಿಯು ಬೆನ್ನಟ್ಟುತ್ತಿದ್ದ ೨೫ ಎಂಬುದು ಅಷ್ಟರಲ್ಲಿ ೨೪ ಆಗಿದ್ದರೆ, ಅದು ಆ ೨೫ನ್ನು ದಾಟಿಕೊಂಡೇ ಹೋಗಿರುತ್ತದೆ.